ಬೇಡಮ್ಮನ ಅಮ್ಮ ಸಮುದ್ರಕ್ಕೆ ಹೊರಟಿದ್ದು

ಈಜು ಕಲಿಸುವವಳೇ ಸಮುದ್ರ ನೋಡಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ನಂಬಿದವರು ನಗುತ್ತಿದ್ದರು. ಊರಿನ ಅರ್ಧ ಮಕ್ಕಳನ್ನು ನೀರಿಗಿಳಿಸಿ, ಕೈಕಾಲು ಬಡಿಯುವುದು ಕಲಿಸಿ, ಮೂಗಿಗೆ ನೀರು ಹೋದವರ ಬೆನ್ನು ತಟ್ಟಿ ದಡ ಹತ್ತಿಸಿದ ಈಜು ಟೀಚರಿಗೆ ಗೊತ್ತಿದ್ದ ನೀರೆಂದರೆ ಒಂದೇ. ನೀಲಿ ಟೈಲ್ಸ್ ಹಾಕಿದ, ಔಷಧಿ ವಾಸನೆ ಹೊಡೆಯುವ, ನಾಲ್ಕು ಗೋಡೆಯೊಳಗಿನ ನೀರು.

ಮದುವೆಗೆ ಮುಂಚೆ ಅಪ್ಪ, "ಮದುವೆ ಆಗ್ಲಿ, ಗಂಡನ ಜೊತೆ ಹೋಗುವಂತೆ" ಎಂದಿದ್ದರು. ಮದುವೆಯಾದ ವರ್ಷ ಗಂಡನಿಗೆ ಬಿಡುವಾಗಲಿಲ್ಲ. ಮರುವರ್ಷ ಹೊಟ್ಟೆಯಲ್ಲಿ ಮಗು, ಅದರ ಮರುವರ್ಷ ಕಂಕುಳಲ್ಲಿ ಮಗು. ಈಜುಕೊಳದ ನೀರು ಖಾಲಿ ಮಾಡಿಸಿ, ತಳ ಉಜ್ಜಿಸಿ, ಬಿರುಕು ಮುಚ್ಚಿಸುವುದು ವರ್ಷಕ್ಕೊಂದು ವಾರ. ಅವಳಿಗೆ ರಜೆ ಎಂಬುದು ಸಿಗುತ್ತಿದ್ದುದೂ ಆ ಒಂದು ವಾರವೇ. ಉಳಿದ ದಿನಗಳಲ್ಲಿ ಕೊಳದಲ್ಲಿ ನೀರಿದ್ದರೆ ಪಕ್ಕದಲ್ಲಿ ಟೀಚರೂ ಇರಬೇಕು. ಹೀಗಾಗಿ ಆ ವಾರ ಕೈತಪ್ಪಿತೆಂದರೆ ಮತ್ತೆ ವರ್ಷ ಕಾಯಬೇಕು. "ಮುಂದಿನ ವರ್ಷ ನೋಡೋಣ" ಎಂಬ ಮಾತು ಕೇಳಿದರೆ ಈಗೀಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲವೂ ಆ ಮಾತನ್ನು ಆಡಿದವರು ಅತ್ತಿಗೆ. ಗಂಡನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು, ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ತಮ್ಮನಂತೂ ಅಕ್ಕ ಹಾಕಿದ ಗೆರೆ ದಾಟಿದವನಲ್ಲ.

"ಎರಡೂವರೆ ವರ್ಷದ ಕೂಸನ್ನ ಕಟ್ಕೊಂಡು ರೈಲಲ್ಲಿ ಹೋಗ್ತಾರಾ ಯಾರಾದ್ರೂ? ಮಗು ಐದು ವರ್ಷದ್ದಾಗ್ಲಿ. ಸಮುದ್ರ ಎಲ್ಲಿಗಾದ್ರೂ ಓಡಿಹೋಗುತ್ತಾ?" ಎಂದರು ಅತ್ತಿಗೆ.

"ಸಮುದ್ರ ಓಡಲ್ಲ ಅತ್ತಿಗೆ. ನನ್ನ ವಯಸ್ಸು ಓಡುತ್ತೆ" ಎಂದಳು ಟೀಚರು.

"ಹೋಗ್ಲೇಬೇಕು ಅಂತಿದ್ರೆ ಮಗೂನ ನನ್ನ ಹತ್ರ ಬಿಟ್ಟು ಹೋಗಿ."

"ಮಗು ಬರುತ್ತೆ. ಅವಳ ಅಮ್ಮ ಮೊದಲ ಸಲ ಸಮುದ್ರ ನೋಡುವಾಗ ಅವಳೂ ಪಕ್ಕದಲ್ಲಿರಬೇಕು."

ಅತ್ತಿಗೆ ಮೂಗು ಮುರಿದರು. ಬಾಗಿಲ ಬಳಿ ಒಂದೇ ಚಪ್ಪಲಿ ಹಾಕಿಕೊಂಡು ನಿಂತಿದ್ದ ಮಗು ಈ ಮಾತುಕತೆಗೆ ತನ್ನ ಪಾಲನ್ನೂ ಸೇರಿಸಿ "ಬೇಡ" ಎಂದಿತು. ಯಾವುದು ಬೇಡ ಎಂದು ಯಾರೂ ಕೇಳಲಿಲ್ಲ. ಹಾಲು ಬೇಡ, ಸ್ನಾನ ಬೇಡ, ಸ್ನಾನ ಮಾಡಿಸಿದರೆ ಹೊರಗೆ ಬರುವುದು ಬೇಡ. ಈ ಕಾರಣಕ್ಕೇ ಮಗುವಿಗೆ ಬೇಡಮ್ಮ ಎಂಬ ಹೆಸರು ಬಿದ್ದಿತ್ತು. ಸ್ವಂತ ಹೆಸರು ಕರೆದರೆ ತಿರುಗಿಯೂ ನೋಡದವಳು ಬೇಡಮ್ಮ ಎಂದರೆ ಓಡಿ ಬರುತ್ತಿದ್ದಳು.

ಗಂಡ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಪ್ಯಾಕಿಂಗ್ ಮೇಸ್ತ್ರಿ. ಗಾಜಿನ ಲೋಟ ಮೂರನೆಯ ಮಹಡಿಯಿಂದ ಬಿದ್ದರೂ ಒಡೆಯದ ಹಾಗೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಹೆಂಡತಿ ಹಟ ಬಿಡುವವಳಲ್ಲ ಎಂದು ಗೊತ್ತಾದಮೇಲೆ ಅವನು ಇಡೀ ಪ್ರಯಾಣವನ್ನು ಒಂದು ಕೆಲಸವೆಂದು ವಹಿಸಿಕೊಂಡ. ಮಗುವಿನ ಬಟ್ಟೆ, ಹಾಲಿನ ಪುಡಿ, ಬಾಟಲಿ, ಕಕ್ಕಸ್ಸಿನ ಪುಟ್ಟ ಕುರ್ಚಿ, ದಿಂಬು, ಔಷಧಿ, ಹೆಂಡತಿಯ ಈಜುಡುಪು, ಎಲ್ಲವೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಹೋದವು. ನಡುನಡುವೆ ಕಾಗದ ತುರುಕಿದ. ಮೇಲೆ ಟೇಪು ಸುತ್ತಿದ. ಟೇಪಿನ ಮೇಲೆ ಕಂಪನಿಯ ಮೆಷಿನ್ನಿನಿಂದ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕಬ್ಬಿಣದ ಕ್ಲಿಪ್ಪು ಒತ್ತಿದ. ನಾಲ್ಕೂ ಬದಿಗೆ ಮನೆಯ ವಿಳಾಸ ಬರೆದು ಅಂಟಿಸಿ, ಪೆಟ್ಟಿಗೆಯ ಬೆನ್ನು ತಟ್ಟಿ, "ಇನ್ನು ಇದನ್ನ ಯಾರ ಅಪ್ಪನೂ ಬಿಚ್ಚೋಕಾಗಲ್ಲ" ಎಂದ.

ಆ ಮಾತು ಎಷ್ಟು ನಿಜವೆಂದು ರೈಲು ಹೊರಟು ಎರಡು ನಿಲ್ದಾಣ ದಾಟುವಷ್ಟರಲ್ಲಿ ಗೊತ್ತಾಯಿತು. ಮಗು ಹಾಲು ಕೇಳಿತು. ಬೇಕು ಎಂದು ಬಾಯಿಬಿಟ್ಟು ಕೇಳುವುದೇ ಅಪರೂಪವಾದ ಮಗು ಕೇಳಿತು! ಗಂಡ ಉತ್ಸಾಹದಿಂದ ಪೆಟ್ಟಿಗೆ ಎಳೆದ. ಜೇಬು ಮುಟ್ಟಿ ನೋಡಿಕೊಂಡ. ಇನ್ನೊಂದು ಜೇಬನ್ನೂ ಮುಟ್ಟಿದ. ಆಮೇಲೆ ಸುಮ್ಮನೆ ಹೆಂಡತಿಯ ಮುಖ ನೋಡಿದ.

"ಬ್ಲೇಡು ಎಲ್ಲಿ?" ಎಂದಳು ಟೀಚರು.

"ಒಳಗಡೆ ಇದೆ" ಎಂದ ಮೇಸ್ತ್ರಿ.

ಬೀಗದ ಕೈಯಿಂದ ಕೆರೆದ, ಉಗುರು ಹಾಕಿದ, ಹಲ್ಲು ಹಾಕಿದ. ಪಟ್ಟಿ ಜಪ್ಪಯ್ಯ ಎನ್ನಲಿಲ್ಲ. "ಒಳ್ಳೆ ಪಟ್ಟಿ ಕಣೇ ಇದು" ಎಂದ, ಇಂಥ ಹೊತ್ತಿನಲ್ಲೂ. ಮಗು ಹಾಲಿಗಾಗಿ ಅತ್ತಿತು, ಅಳುವುದಕ್ಕೆ ಅತ್ತಿತು, ಕೊನೆಗೆ ಅಮ್ಮನ ತೊಡೆಯ ಮೇಲೆ ಉಚ್ಚೆ ಹೊಯ್ದು ಅದಕ್ಕೂ ಅತ್ತಿತು. ಬದಲಿಸಲು ಬಟ್ಟೆಯೂ ಒಳಗೇ ಇತ್ತು. ಗಂಡ ತನ್ನ ಮೇಲಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ಕುಳಿತ. ಬೇಡಮ್ಮ ಕಾಲ ಬೆರಳು ಮುಚ್ಚುವ ಅಂಗಿ ತೊಟ್ಟು ಬೆಂಚಿನ ಮೇಲೆ ನಿಂತು, ಇನ್ನೂ ದೊಡ್ಡ ರಾಗ ತೆಗೆದಳು.

ಎದುರು ಸೀಟಿನ ಮೀಸೆ ಯಜಮಾನರಿಗೆ ತಡೆಯಲಾಗಲಿಲ್ಲ.

"ಇಂಥ ಚಿಕ್ಕ ಮಕ್ಕಳನ್ನ ಯಾಕಮ್ಮ ಹೊರಗೆ ಕರ್ಕೊಂಡು ಬರ್ತೀರಾ? ಮನೇಲಿರಬಾರದಾ?"

"ಮನೇಲೂ ಹೀಗೇ ಅಳ್ತಾಳೆ ಸರ್. ಅಲ್ಲಿ ನೀವಿರಲ್ಲ, ಅಷ್ಟೇ."

"ನಾವೂ ನಾಲ್ಕು ಮಕ್ಕಳನ್ನ ಬೆಳೆಸಿದ್ದೀವಮ್ಮ. ಒಂದೂ ಹೀಗೆ ರಂಪ ಮಾಡ್ತಿರ್ಲಿಲ್ಲ."

"ಬೆಳೆಸಿದ್ದು ನೀವಾ, ನಿಮ್ಮ ಮನೆಯವರಾ?"

ಯಜಮಾನರ ಪಕ್ಕದಲ್ಲಿ ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕುಬಿಟ್ಟರು. "ಕೇಳಮ್ಮ, ಇನ್ನೊಂದ್ಸಲ ಕೇಳು" ಎಂದರು. ಯಜಮಾನರು ಪೇಪರು ಅಗಲಿಸಿ ಅದರ ಹಿಂದೆ ಮುಖ ಹುದುಗಿಸಿದರು. ಆಕೆ ಒಂದು ಬಾಳೆಹಣ್ಣು ಸುಲಿದು ಚಾಚಿದರು. ಬೇಡಮ್ಮ "ಬೇಡ" ಎನ್ನುತ್ತಲೇ ಅದನ್ನು ಪೂರ್ತಿ ತಿಂದಳು.

ಆದರೂ ಗಂಡನ ಮುಖ ಇಳಿದುಹೋಗಿತ್ತು. ಬನಿಯನ್ನಿನಲ್ಲಿ ನಾಲ್ಕು ಜನರ ಮುಂದೆ ಕೂರುವುದು, ಪರರಿಂದ ಬುದ್ಧಿ ಹೇಳಿಸಿಕೊಳ್ಳುವುದು, ಎಲ್ಲಕ್ಕಿಂತ ಹೆಚ್ಚಾಗಿ ತಾನೇ ಕಟ್ಟಿದ ಪೆಟ್ಟಿಗೆಯ ಮುಂದೆ ತಾನೇ ಸೋಲುವುದು, ಇವೆಲ್ಲ ಅವನ ಜೀವ ಹಿಂಡಿದ್ದವು. ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಒಂದು ಬದಿಗೆ ಸಮುದ್ರದ ಕಡೆಯ ರೈಲು, ಇನ್ನೊಂದು ಬದಿಗೆ ವಾಪಸು ಊರಿಗೆ ಹೋಗುವ ರೈಲು. ಎರಡೂ ಹೊರಡಲು ಸಿದ್ಧವಾಗಿ ನಿಂತಿದ್ದವು. ಆ ಹೊತ್ತಿಗೇ ಅತ್ತಿಗೆಯ ಫೋನು ಬಂತು.

ಗಂಡ ಫೋನಿಗೆ "ಹೂಂ ಅಕ್ಕ, ಹೂಂ" ಎಂದ. ಮಗುವಿನ ಅಳು ಅಲ್ಲಿಗೂ ಕೇಳಿಸಿರಬೇಕು. ಆ ಕಡೆಯ ದನಿ ಟೀಚರಿಗೂ ಕೇಳುವಷ್ಟು ಜೋರಾಯಿತು. "ಸುಮ್ನೆ ವಾಪಸ್ ಬಂದ್ಬಿಡು ಕಣೋ. ಆ ಕೂಸನ್ನ ಯಾಕೆ ಗೋಳಾಡಿಸ್ತೀರಾ? ನಾನು ಸ್ಟೇಷನ್ನಿಗೆ ಬರ್ತೀನಿ."

ಅವನು ಫೋನು ಜೇಬಿಗಿಟ್ಟು, ಮಾತಾಡದೆ ಪೆಟ್ಟಿಗೆ ಎತ್ತಿ ಊರಿನ ರೈಲಿಗೆ ಹತ್ತಿಸಿದ. ಸೀಟಿನ ಕೆಳಗೆ ತಳ್ಳಿ, ಅಲುಗಾಡದ ಹಾಗೆ ನೋಡಿ, ಇಳಿದು ಬಂದ.

"ನಡಿ, ಹೋಗೋಣ. ಮುಂದಿನ ವರ್ಷ ನೋಡೋಣ."

ಟೀಚರು ಕದಲಲಿಲ್ಲ. ಮಗುವನ್ನು ಸೊಂಟದ ಮೇಲೆ ಏರಿಸಿಕೊಂಡು ನಿಂತಲ್ಲೇ ನಿಂತಳು.

"ನಾನು ಬರಲ್ಲ ರೀ."

"ನೋಡೇ, ಹಾಲಿಲ್ಲ, ಬಟ್ಟೆಯಿಲ್ಲ. ಇನ್ನೂ ಅರ್ಧ ದಾರಿ ಇದೆ."

"ಹಾಲು ಅಂಗಡೀಲಿ ಸಿಗುತ್ತೆ. ಬಟ್ಟೆ ಒಣಗುತ್ತೆ."

"ಜನ ಏನಂತಾರೆ ಅಂತ ಆದ್ರೂ ಯೋಚಿಸು."

"ಜನ ಅಂದಾಯ್ತು. ನಾನು ವಾಪಸ್ಸೂ ಕೊಟ್ಟಾಯ್ತು."

ಆಗ ಅವನು ತನ್ನ ಬತ್ತಳಿಕೆಯ ಕೊನೆಯ ಬಾಣ ತೆಗೆದ. ಅದು ಅವನದಲ್ಲ, ಅಕ್ಕನದು, ವಾರದಿಂದ ಮನೆಯಲ್ಲಿ ಓಡಾಡುತ್ತಿದ್ದ ಮಾತು. "ಇಷ್ಟೆಲ್ಲ ಒದ್ದಾಡಿ ಸಮುದ್ರ ತೋರಿಸಿದ್ರೂ ಮಗೂಗೆ ನೆನಪಿರುತ್ತಾ? ಎರಡೂವರೆ ವರ್ಷದ್ದು ಯಾರಿಗೆ ನೆನಪಿರುತ್ತೆ?"

ಟೀಚರಿಗೆ ಎಷ್ಟೋ ವರ್ಷದ ಸಿಟ್ಟು ಒಟ್ಟಿಗೇ ಗಂಟಲಿಗೆ ಬಂತು. ಕೊಳದ ಪಕ್ಕದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಅದು. ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ.

"ನನಗೆ ನೆನಪಿರುತ್ತಲ್ಲ! ನಾನೂ ಒಬ್ಬಳು ಇದ್ದೀನಿ ಈ ಮನೇಲಿ. ಮಗು ಆದ ದಿನದಿಂದ ಎಲ್ಲರೂ ಮಗು ಊಟ ಮಾಡ್ತಾ, ಮಗು ಮಲಗ್ತಾ ಅಂತ ಕೇಳಿದ್ರಿ. ಸರಿ, ಕೇಳ್ಬೇಕು. ನಾನು ಎಲ್ಲಿದ್ದೀನಿ ಅಂತ ಒಬ್ಬರಾದ್ರೂ ಕೇಳಿದ್ರಾ? ಇವಳು ಮರೀಲಿ. ಇವಳು ಮರೆಯೋ ವಯಸ್ಸು. ನಾನು ಮರೆಯಲ್ಲ, ಇವತ್ತು ವಾಪಸ್ ಹೋದ್ರೆ ಅದನ್ನೂ ಮರೆಯಲ್ಲ."

ಹಾಗೆಂದವಳು ತಿರುಗಿ ಸಮುದ್ರದ ರೈಲು ಹತ್ತಿದಳು. ಅವಳ ಕೈಯಲ್ಲಿದ್ದುದು ಒಂದು ಹೆಗಲ ಚೀಲ, ಅದರಲ್ಲಿ ನೀರಿನ ಬಾಟಲಿ, ಒಂದು ಪೊಟ್ಟಣ ಬಿಸ್ಕತ್ತು. ಗಂಡ ಬರದಿದ್ದರೆ ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಈ ಮಗುವನ್ನು ಸಂಭಾಳಿಸುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ. ಆದರೆ ಇಳಿಯುವ ಯೋಚನೆ ಮಾತ್ರ ಬರಲಿಲ್ಲ. ಕಿಟಕಿಯ ಪಕ್ಕ ಕುಳಿತು, ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು, ಹೊರಗೆ ನೋಡಿದಳು.

ಗಂಡ ಎರಡು ರೈಲುಗಳ ನಡುವೆ ಬನಿಯನ್ನಿನಲ್ಲಿ ನಿಂತಿದ್ದ. ಆ ಕಡೆ ಪೆಟ್ಟಿಗೆ, ಈ ಕಡೆ ಹೆಂಡತಿ ಮಗು. ಕಂಪನಿ ಸೇರಿದಂದಿನಿಂದ ಇಂದಿನವರೆಗೆ ಒಂದೇ ಒಂದು ಪೆಟ್ಟಿಗೆಯನ್ನು ನಡುದಾರಿಯಲ್ಲಿ ಬಿಟ್ಟ ಚರಿತ್ರೆ ಅವನದಲ್ಲ. ಊರಿನ ರೈಲು ಕೂಗು ಹಾಕಿತು. ಅವನು ಅದರ ಕಡೆ ನಾಲ್ಕು ಹೆಜ್ಜೆ ಓಡಿದ. ಟೀಚರು ಕಿಟಕಿಯ ಸರಳಿಗೆ ಮುಖ ಒತ್ತಿದಳು. ಬಾಗಿಲಿನ ಕಂಬಿ ಹಿಡಿದವನು ಒಳಗೆ ಇಣುಕಿದ. ಆಮೇಲೆ ಕಂಬಿ ಬಿಟ್ಟ. ರೈಲು ಅವನ ಮುಂದಿನಿಂದಲೇ ಹೊರಟುಹೋಯಿತು.

ಅವನು ಏದುಸಿರು ಬಿಡುತ್ತಾ ಬಂದು ಹೆಂಡತಿಯ ಪಕ್ಕ ಕುಸಿದು ಕುಳಿತಾಗ ಈ ರೈಲೂ ಅಲುಗಿತು. ಮತ್ತೆ ಫೋನು ಬಂತು.

"ರೈಲು ಹತ್ತಿದ್ಯೇನೋ?" ಎಂದರು ಅತ್ತಿಗೆ.

"ಅಕ್ಕಾ, ಪೆಟ್ಟಿಗೆ ಬರ್ತಾ ಇದೆ. ವಿಳಾಸ ಬರೆದಿದ್ದೀನಿ. ನೀನೇ ಸ್ಟೇಷನ್ನಿಗೆ ಹೋದ್ರೆ ಇನ್ನೂ ಒಳ್ಳೇದು, ಇಳಿಸ್ಕೋ." ಅವನು ಒಮ್ಮೆ ಹೆಂಡತಿಯ ಕಡೆ ನೋಡಿದ. "ನಾವು ಬರ್ತಿಲ್ಲ."

ಅತ್ತಿಗೆ ಏನೆಂದರೋ, ಅವನು ಫೋನನ್ನು ಕಿವಿಯಿಂದ ದೂರ ಹಿಡಿದು ಪೂರ್ತಿ ಕೇಳಿಸಿಕೊಂಡ, ಇಟ್ಟ. ಮುಖದಲ್ಲಿ ಅಳುಕಿತ್ತು, ಜೊತೆಗೆ ಕಿಟಕಿ ಗಾಜು ಒಡೆದು ಓಡಿಬಂದ ಹುಡುಗನ ಖುಷಿಯೂ ಇತ್ತು. ಟೀಚರಿಗೆ ಅವನ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಮುಂದೆ ಎಂದಾದರೂ ಬೇಕಾದೀತೆಂದು ಇಟ್ಟುಕೊಂಡಳು.

ಉಳಿದ ದಾರಿ ಸುಖವಾಗೇನೂ ಇರಲಿಲ್ಲ. ಮಗು ಇನ್ನೂ ಎರಡು ಸಲ ಅತ್ತಿತು, ಒಮ್ಮೆ ಕಕ್ಕಿತು. ಇಳಿದ ಊರಿನಲ್ಲಿ ಸಂಜೆ ಅಂಗಡಿ ಮುಚ್ಚುವ ಮುಂಚೆ ಓಡಾಡಿ ಹಾಲು, ಎರಡು ಫ್ರಾಕು, ಗಂಡನಿಗೊಂದು ಅಂಗಿ ಕೊಂಡರು. ಬಾಡಿಗೆ ಕೋಣೆಯ ಗಟ್ಟಿ ಮಂಚದ ಮೇಲೆ ಬೇಡಮ್ಮ ದಿಂಬಿಲ್ಲದೆ ಅಮ್ಮನ ಹೊಟ್ಟೆಯ ಮೇಲೆ ಕವುಚಿ ಮಲಗಿ ಬೆಳಗಿನವರೆಗೆ ಮಿಸುಕಲಿಲ್ಲ. ಮನೆಯ ಮೆತ್ತನೆ ಹಾಸಿಗೆಯಲ್ಲಿ ಒಂದು ರಾತ್ರಿಯೂ ಹೀಗೆ ಮಲಗಿದವಳಲ್ಲ.

ಬೆಳಿಗ್ಗೆ ಮೂವರೂ ಮರಳು ದಿಣ್ಣೆ ಹತ್ತಿದರು. ದಿಣ್ಣೆಯ ಆಚೆ ಸಮುದ್ರವಿತ್ತು. ಟೀಚರು ಏನೇನೋ ಊಹಿಸಿಕೊಂಡಿದ್ದಳು. ಇದು ಇಷ್ಟು ಗದ್ದಲ ಮಾಡುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅವಳಿಗೆ ಅಳು ಬಂತು, ಕಣ್ಣು ಒರೆಸಿಕೊಳ್ಳಲಿಲ್ಲ. ಮಗು ಬಾಯಿ ತೆರೆದು ನೋಡಿತು, ಅಮ್ಮನ ಕೆನ್ನೆ ಮುಟ್ಟಿ ನೋಡಿತು, ಬೆರಳು ನೆಕ್ಕಿತು. ಆಮೇಲೆ ಇಳಿಸು ಎಂದು ಒದ್ದಾಡಿ, ಒದ್ದೆ ಮರಳಿನಲ್ಲಿ ಧೊಪ್ಪನೆ ಕುಳಿತು, ಅಪ್ಪನ ಪಾದವನ್ನು ಹೂಳುವ ಕೆಲಸಕ್ಕೆ ಕೈಹಾಕಿತು.

ಬಲೆ ಸರಿಮಾಡುತ್ತಿದ್ದ ಒಬ್ಬ ಮೀನುಗಾರನನ್ನು, "ಎಲ್ಲಿ ಇಳಿದ್ರೆ ಸೆಳೆತ ಇರಲ್ಲಣ್ಣ?" ಎಂದು ಕೇಳಿಕೊಂಡು ಬಂದಳು ಟೀಚರು. ಚಪ್ಪಲಿ ಬಿಟ್ಟಳು. ಜಡೆಯನ್ನು ಗಂಟು ಹಾಕಿದಳು. ಈಜುಡುಪು ಊರಿನ ದಾರಿ ಹಿಡಿದಿದ್ದರಿಂದ ಮೈಮೇಲಿನ ಬಟ್ಟೆಯಲ್ಲೇ ಇಳಿದಳು. ಮೊದಲ ಅಲೆ ಅವಳನ್ನು ಕೆಡವಿತು. ಹೊಸದಾಗಿ ಕಲಿಯುವ ಮಗುವಿನಂತೆ ಮೂಗಿಗೆ ನೀರು ಹೋಗಿ, ಕೆಮ್ಮಿ, ಎದ್ದು ನಿಂತು, ಗಟ್ಟಿಯಾಗಿ ನಕ್ಕಳು. ಎರಡನೆಯದರ ಅಡಿಯಿಂದ ನುಗ್ಗಿದಳು. ಅಲೆಗಳ ಆಚೆ ನೀರು ಅವಳನ್ನು ಎತ್ತಿ ಹಿಡಿಯಿತು. ಕೈ ಬೀಸಿದಳು, ಬೀಸಿದಳು, ದಡಕ್ಕೆ ಸಮನಾಗಿ ಉದ್ದಕ್ಕೆ ಈಜಿದಳು. ಇಷ್ಟು ವರ್ಷ ಇಷ್ಟು ಹೊತ್ತಿಗೆ ಕೈಗೆ ತಾಗುತ್ತಿದ್ದ ಕೊಳದ ಗೋಡೆ ಬರಲೇ ಇಲ್ಲ.

ದಡದಲ್ಲಿ ಒಂದು ಕಾಲು ಹೂತುಹೋಗಿ ನಿಂತಿದ್ದ ಗಂಡನ ಜೇಬಿನಲ್ಲಿ ಫೋನು ಕೂಗಿತು.

"ಮಗು ಹೇಗಿದ್ಯೋ?" ಎಂದು ಶುರುಮಾಡಿದರು ಅತ್ತಿಗೆ.

"ಮಗು ಆರಾಮಾಗಿದೆ."

"ಮತ್ತೆ? ವಾಪಸ್ ಬರೋದು ಯಾವಾಗ?"

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡಿದ. ಬಿಸಿಲಿನಲ್ಲಿ ಒಂದು ತಲೆ, ಒಂದು ತೋಳು, ಮತ್ತೆ ಇನ್ನೊಂದು ತೋಳು ಮೇಲೇಳುವುದು ಕಾಣುತ್ತಿತ್ತು.

"ಗೊತ್ತಿಲ್ಲಕ್ಕ, ಅವಳನ್ನೇ ಕೇಳ್ಬೇಕು" ಎಂದ. "ಅವಳಿನ್ನೂ ನೀರಿಂದ ಹೊರಗೆ ಬಂದಿಲ್ಲ."