ಗೋಡೌನಿನ ಕೆಳಗಿದ್ದ ಹಳ್ಳ

ಮೊದಲ ಕಲ್ಲು ಅಳತೆಯಕ್ಕನ ಭುಜಕ್ಕೆ ಬಿತ್ತು, ಎರಡನೆಯದು ಹಣೆಗೆ. ಮೂರನೆಯದು ಮುಕ್ಕಾಲಿಯ ಮೇಲೆ ನಿಲ್ಲಿಸಿದ್ದ ಅಳತೆಯ ಯಂತ್ರದ ಗಾಜನ್ನು ಒಡೆಯಿತು. ಅವಳಿಗೆ ನಿಜವಾಗಿ ಸಿಟ್ಟು ನೆತ್ತಿಗೇರಿದ್ದು ಆಗ.

“ಯಂತ್ರಕ್ಕೆ ಯಾಕ್ರೋ ಹೊಡೀತೀರಿ? ಅದೇನು ಮಾಡಿತ್ತು ನಿಮಗೆ?”

“ಹಾಗಾದ್ರೆ ನಿನಗೇ ಹೊಡೀತೀವಿ, ತಗೋ,” ಎಂದು ಗೋಡೌನಿನ ಮೇಸ್ತ್ರಿ ಕೈಯಲ್ಲಿದ್ದ ಕಬ್ಬಿಣದ ಸರಳು ಬೀಸಿದ. ತಲೆಗೆ ಬೀಳಬೇಕಿದ್ದ ಏಟಿಗೆ ಅವಳು ಎಡಗೈ ಅಡ್ಡ ಹಿಡಿದಳು. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಹಾಡಹಗಲು, ಹನ್ನೊಂದು ಗಂಟೆ. ಎದುರಿನ ಟೈರ್ ಅಂಗಡಿಯವನು ಏನೂ ಕಾಣದವನ ಹಾಗೆ ಶಟರ್ ಎಳೆದುಕೊಂಡ. ಗೇಟಿನ ಮುದಿ ಕಾವಲುಗಾರ ಓಡಿಬಂದು ಅವಳನ್ನು ತನ್ನ ತಗಡಿನ ಗೂಡಿನೊಳಕ್ಕೆ ಎಳೆದು ಚಿಲಕ ಹಾಕದೇ ಹೋಗಿದ್ದರೆ ಅವಳ ಕತೆ ಅಲ್ಲಿಗೇ ಮುಗಿಯುತ್ತಿತ್ತು.

“ನಾನು ಅವರ ಅನ್ನ ತಿನ್ನೋನು ತಾಯಿ,” ಎಂದ ತಾತ, ತನ್ನ ಟವೆಲ್ಲಿನಿಂದ ಅವಳ ಹಣೆ ಒತ್ತುತ್ತಾ. “ಹಾಗಂತ ಹೆಣ್ಣುಮಗಳನ್ನ ಕೊಲ್ಲೋದು ನೋಡ್ತಾ ಕೂರೋಕಾಗುತ್ತಾ? ಸುಮ್ಮನೆ ಮನೆಗೆ ಹೋಗಿಬಿಡು.”

ಸುಮ್ಮನೆ ಹೋಗುವವಳಾಗಿದ್ದರೆ ಅವಳು ಬರುತ್ತಲೇ ಇರಲಿಲ್ಲ.

ಹೋದ ವರ್ಷದ ಮಳೆಯಲ್ಲಿ ಗುಡ್ಡದಿಂದ ಇಳಿದ ನೀರು ಇದೇ ಗೋಡೌನಿನ ಹಿಂದಿನ ಗೋಡೆಗೆ ಬಂದು ನಿಂತಿತ್ತು. ಎರಡಾಳೆತ್ತರದ ಗೋಡೆ. ಬೆಳಗಿನಿಂದ ಮಧ್ಯಾಹ್ನದವರೆಗೂ ನೀರು ತುಂಬುತ್ತಲೇ ಹೋಯಿತು. ಆಮೇಲೆ ಗೋಡೆ ಒಂದೇಟಿಗೆ ಬಿರಿದು, ನೀರೂ ಇಟ್ಟಿಗೆಯೂ ಒಟ್ಟಿಗೇ ಕೆಳಗಿನ ಓಣಿಯ ಮೇಲೆ ಬಿದ್ದವು. ಹತ್ತೊಂಬತ್ತು ಹೆಣ. ಇಸ್ತ್ರಿ ಅಂಗಡಿಯವನ ಹೆಂಡತಿ, ಮಗಳು ಇಬ್ಬರೂ ಅದರಲ್ಲಿದ್ದರು. ಮಗಳು ಸಿಕ್ಕಿದ್ದು ನಾಲ್ಕನೇ ದಿನ, ಬಿದ್ದ ಕಂಬದ ತಂತಿಯಲ್ಲಿ ಸುತ್ತಿಕೊಂಡು. ಓಣಿಯವರು ಇನ್ನೂ ಕೆಸರು ಎತ್ತುತ್ತಿರುವಾಗಲೇ ಗೋಡೌನಿನ ಸಾಹುಕಾರ ಅದೇ ಜಾಗದಲ್ಲಿ ಮತ್ತೆ ಗೋಡೆ ಎಬ್ಬಿಸಿದ, ಈ ಸಲ ಕಾಂಕ್ರೀಟಿನಲ್ಲಿ.

ಯಾರನ್ನು ಕೇಳುವುದು? ಗುಡ್ಡ ಅರಣ್ಯದವರದು, ಇಳಿಜಾರು ಕಂದಾಯದವರದು, ರಸ್ತೆ ಪುರಸಭೆಯದು. ನೀರು ಮಾತ್ರ ಯಾರದೂ ಅಲ್ಲ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಬಾಗಿಲು ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಓಣಿಯವರು ರಸ್ತೆಗೆ ಅಡ್ಡ ಕೂತು, ಲಾಠಿ ಏಟು ತಿಂದು, ಮತ್ತೆ ಬಂದು ಕೂತು, ಕಡೆಗೆ ಒಂದು ಹೊಸ ಕಾಯಿದೆ ಬಂತು. ಗುಡ್ಡದ ನೆತ್ತಿಯಿಂದ ನದಿಯವರೆಗೆ, ನೀರು ಹರಿಯುವ ಅಷ್ಟೂ ನೆಲಕ್ಕೆ ಇನ್ನು ಒಂದೇ ಮಂಡಳಿ. ಹಳ್ಳದ ದಾರಿಯಲ್ಲಿ ಯಾರು ಏನು ಕಟ್ಟಿದ್ದರೂ ಕೆಡವುವ ಅಧಿಕಾರ ಅದಕ್ಕೆ. ಆದರೆ ಅಲ್ಲಿ ಹಳ್ಳ ಇತ್ತು ಎಂದು ಮೊದಲು ಸಾಬೀತಾಗಬೇಕು. ಅಳತೆಯಕ್ಕ ಆ ಮಂಡಳಿಯ ಸರ್ವೇಯರ್. ಗೋಡೌನಿನ ಕೆಳಗೆ ತಗ್ಗು ಇದೆ ಎಂದು ಅವಳ ಯಂತ್ರ ಹೇಳುತ್ತಿತ್ತು; ಹಳ್ಳವೇ ಇಲ್ಲ ಎಂದು ಸರ್ಕಾರದ ನಕ್ಷೆ ಹೇಳುತ್ತಿತ್ತು.

ಕೈಗೆ ಪ್ಲಾಸ್ಟರ್, ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡು ಅವಳು ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ, ದಾಖಲೆ ಕೋಣೆಗೆ ಹೋದಳು. ಬಟ್ಟೆಯಲ್ಲಿ ಸುತ್ತಿಟ್ಟ ಹಳೇ ನಕ್ಷೆಗಳ ಗಂಟನ್ನು ಹಲ್ಲಿನಿಂದ ಬಿಚ್ಚಿ, ಒಂದೇ ಕೈಯಲ್ಲಿ ಹಾಳೆ ಬಿಡಿಸಿ, ಎರಡು ದಿನ ಧೂಳು ಕುಡಿದಳು. ಮೂರನೇ ದಿನ ಸಿಕ್ಕಿತು. ಐವತ್ತು ವರ್ಷದ ಹಿಂದಿನ ಹಾಳೆಯಲ್ಲಿ ಹಳ್ಳ ಇತ್ತು, ನೀಲಿ ಮಸಿಯಲ್ಲಿ, ಹದಿನೆಂಟು ಅಡಿ ಅಗಲ, ಸರಿಯಾಗಿ ಗೋಡೌನ್ ಇರುವ ಕಡೆ. ಇಪ್ಪತ್ತಾರು ವರ್ಷದ ಹಿಂದೆ ತಿದ್ದಿದ ಹಾಳೆಯಲ್ಲಿ ಅದಿರಲಿಲ್ಲ. ‘ಒಣ ಜಾಗ’ ಎಂದು ಬರೆದಿತ್ತು. ಕೆಳಗೆ ಸರ್ವೇಯರ್ ಸಹಿ. ಕೊನೆಯ ಅಕ್ಷರದ ಬಾಲ ಎಳೆದು ಸುತ್ತಿದ ಆ ಸಹಿ ಅವಳ ಶಾಲೆಯ ಅಂಕಪಟ್ಟಿಗಳಲ್ಲೆಲ್ಲ ಇತ್ತು.

ಅದು ಅಪ್ಪನ ಸಹಿ. ಅವಳಿಗೆ ಈ ಕೆಲಸದ ಹುಚ್ಚು ಹಿಡಿಸಿದವನೂ ಅವನೇ.

ಮನೆಗೆ ಬಂದಾಗ ಅಪ್ಪ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದ. ನಿವೃತ್ತನಾದ ಮೇಲೆ ಅಡುಗೆಮನೆ ಅವನದೇ. ಅವಳು ನಕಲು ಹಾಳೆಯನ್ನು ಅವನ ಮುಂದೆ ಹಿಡಿದಳು.

“ಇದನ್ನ ತಿದ್ದಿದ್ದು ನೀನಾ ಅಪ್ಪ?”

ಅವನು ಓದಿದ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವನು ಒಲೆ ಆರಿಸಲಿಲ್ಲ. ತಿರುಗಿ ಅವಳ ಕೆನ್ನೆಗೆ ಬಾರಿಸಿದ. ಹುಟ್ಟಿದಾಗಿನಿಂದ ಒಮ್ಮೆಯೂ ಅವಳ ಮೇಲೆ ಬೀಳದಿದ್ದ ಕೈ. ಹಣೆಯ ಹೊಲಿಗೆ ಬಿಚ್ಚಿ ರಕ್ತ ಕಣ್ಣಿಗಿಳಿಯಿತು.

“ಹೆತ್ತಪ್ಪನ್ನೇ ಕಟಕಟೆಗೆ ಹತ್ತಿಸ್ತೀಯಾ?”

“ಶುಕ್ರವಾರ ವಿಚಾರಣೆ ಇದೆ. ಓದ್ತೀನಿ. ಸಹಿ ಸಮೇತ ಓದ್ತೀನಿ.”

ಅಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ.

“ಆಗ ನಾಲ್ಕು ವರ್ಷದಿಂದ ಅಲ್ಲಿ ನೀರೇ ಬಂದಿರಲಿಲ್ಲ ಕಣೇ. ಸಾಹುಕಾರನ ಜೀಪು ಕಚೇರಿ ಮುಂದೆ ನಿಂತಿತ್ತು. ಮೇಲಿನವರು ‘ಬರೆದುಬಿಡಯ್ಯ, ಅಲ್ಲೇನಿದೆ’ ಅಂದರು. ಹೆದರಿ ಬರೆದೆ ಅಂತಾದರೂ ಹೇಳೋಣ ಅಂದ್ರೆ, ಹೆದರಿಕೇನೂ ಇರಲಿಲ್ಲ. ಬಿಸಿಲು ಜಾಸ್ತಿ ಇತ್ತು. ಬೇಗ ಮನೆಗೆ ಬರಬೇಕಿತ್ತು. ಬರೆದೆ.”

“ಹತ್ತೊಂಬತ್ತು ಜನ ಅಪ್ಪ.”

“ನನಗೆ ಗೊತ್ತಿಲ್ವಾ? ಹೋದ ವರ್ಷದಿಂದ ಆ ಓಣಿ ಕಡೆ ಕಾಲಿಟ್ಟಿದ್ದೀನಾ ನಾನು?”

ಅವಳು ಒಲೆ ಆರಿಸಿದಳು. ಹಣೆಗೆ ಸೆರಗು ಒತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಮೂರು ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶುಕ್ರವಾರ ಶಾಲೆಯ ಸಭಾಂಗಣದಲ್ಲಿ ವಿಚಾರಣೆ. ಒಂದು ಕಡೆ ಓಣಿಯವರು, ಇನ್ನೊಂದು ಕಡೆ ಸಾಹುಕಾರ, ಮೇಸ್ತ್ರಿ, ಅವರ ಜನ. ನಡುವೆ ಮೇಜಿನ ಹಿಂದೆ ಮಂಡಳಿಯ ಅಧ್ಯಕ್ಷೆ. ಅಪ್ಪ ಯಾರಿಗೂ ಹೇಳದೆ ಬಂದು ಕೊನೇ ಸಾಲಿನಲ್ಲಿ ಕೂತಿದ್ದ. ಅಳತೆಯಕ್ಕ ಎರಡೂ ಹಾಳೆ ಗೋಡೆಗೆ ಅಂಟಿಸಿ ಓದಿದಳು. ಸಹಿಯ ಹತ್ತಿರ ಬಂದಾಗ ಅದರ ಮೇಲೆ ಬೆರಳಿಟ್ಟಳು.

“ಇದಕ್ಕೆ ಸಹಿ ಹಾಕಿದವರು ನಮ್ಮ ತಂದೆ.”

ಅಪ್ಪ ಎದ್ದು ನಿಂತ. “ಹೌದು, ಹಳ್ಳ ಇತ್ತು. ಅದರ ಗಡಿಕಲ್ಲು ಆ ಗೋಡೆಯ ಬುಡದಲ್ಲೇ ಹೂತಿದೆ. ಬನ್ನಿ, ಎಲ್ಲಿ ಅಂತ...”

ಮಾತು ಮುಗಿಯಲಿಲ್ಲ. ಇಸ್ತ್ರಿ ಅಂಗಡಿಯವನು ಬೆಂಚು ಹಾರಿ ಬಂದು ಕಬ್ಬಿಣದ ಕುರ್ಚಿಯನ್ನು ಅಪ್ಪನ ಮುಖಕ್ಕೆ ಅಪ್ಪಳಿಸಿದ. ಅಪ್ಪ ಉರುಳಿದ. ಅಂಗಡಿಯವನು ಅವನ ಎದೆಯ ಮೇಲೆ ಕೂತು ಎರಡೂ ಕೈಯಲ್ಲಿ ಗುದ್ದತೊಡಗಿದ, ಸತ್ತ ಮಗಳ ಹೆಸರು ಹಿಡಿದು ಕೂಗುತ್ತಾ, ಒಂದೊಂದು ಕೂಗಿಗೆ ಒಂದೊಂದು ಗುದ್ದು. ಹಲ್ಲು ಮುರಿದು ನೆಲಕ್ಕೆ ಸಿಡಿಯಿತು. ಬಿಡಿಸಬೇಕೋ ಬೇಡವೋ ಎಂದು ಜನ ನಿಂತೇ ಇದ್ದರು. ಅಳತೆಯಕ್ಕ ಯೋಚಿಸಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿ ಅವನ ಮುಖಕ್ಕೆ ಬೀಸಿದಳು. ಅವನ ಮೂಗು ಒಡೆಯಿತು, ಅವಳ ಪ್ಲಾಸ್ಟರೂ ಸೀಳಿತು. ನೋವಿಗೆ ಕಣ್ಣಿಗೆ ಕತ್ತಲೆ ಕಟ್ಟಿತು.

ಅವನು ರಕ್ತ ಒರೆಸಿಕೊಳ್ಳದೆ ಅವಳನ್ನೇ ನೋಡಿದ. “ನೀನು ಹೊಡೆದಾಡಿ ಉಳಿಸಿಕೊಳ್ಳೋಕೆ ನಿನಗೊಬ್ಬ ಅಪ್ಪ ಇದಾನೆ. ನಾನು ಯಾರನ್ನ ಉಳಿಸಿಕೊಳ್ಳಲಿ ಅಕ್ಕಾ?”

ಅಧ್ಯಕ್ಷೆ ಮೇಜು ಕುಟ್ಟಿ ಆದೇಶ ಹೇಳಿದಳು: ಈಗಲೇ ಅಗೆಯಿರಿ, ಕಲ್ಲು ಸಿಕ್ಕರೆ ಸೋಮವಾರ ಯಂತ್ರ ತರಿಸಿ ಗೋಡೆ ಕೆಡವುತ್ತೇವೆ.

ಇಡೀ ಸಭೆ ಗೋಡೆಯ ಹತ್ತಿರ ಹೋಯಿತು. ಅಪ್ಪ ಬಾಯಿಗೆ ಬಟ್ಟೆ ಒತ್ತಿಕೊಂಡು, ಗೋಡೆಯ ಮೂಲೆಯಿಂದ ಹೆಜ್ಜೆ ಹಾಕುತ್ತಾ ಹೋಗಿ ಒಂದು ಕಡೆ ನಿಂತು ಕಾಲು ಊರಿದ. ಮೂರಡಿ ಅಗೆದಾಗ ಗುದ್ದಲಿ ಠಣ್ಣೆಂದಿತು. ಕಲ್ಲಿನ ಮೇಲೆ ಹಳ್ಳದ ಗುರುತು ಕಣ್ಣಿಗೆ ಹೊಡೆಯುವಂತಿತ್ತು.

ಸೋಮವಾರದವರೆಗೆ ಯಾರು ಕಾಯುತ್ತಾರೆ? ಒಂದು ಸುತ್ತಿಗೆ ಬಂತು, ಆಮೇಲೆ ಹತ್ತು. ಯಾರೋ ಲಾರಿ ತಂದು ಗೋಡೆಯ ಕಂಬಕ್ಕೆ ಸರಪಳಿ ಬಿಗಿದರು. ಮೇಸ್ತ್ರಿಯ ಜನ ಸರಳು ಹಿಡಿದು ನುಗ್ಗಿದರು. ಒಬ್ಬನ ತಲೆ ಬಿರಿಯಿತು, ಇನ್ನೊಬ್ಬನ ದವಡೆ ಜೋತುಬಿತ್ತು. ಮೇಸ್ತ್ರಿಯನ್ನು ಓಣಿಯ ಹೆಂಗಸರು ಕೆಡವಿ, ಅವನದೇ ಸರಳಿನಿಂದ ಮಂಡಿ ಮುರಿದರು.

“ನಿಲ್ಲಿಸಿ! ಆ ಕಡೆ ಯಾರಿದ್ದಾರೆ ನೋಡಿ!” ಅಳತೆಯಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾರಿ ಎಳೆಯಿತು. ಗೋಡೆ ಲಾರಿಯ ಕಡೆಗೆ ಬಳುಕಿ, ಸರಪಳಿ ಹರಿದು, ಆ ಕಡೆಗೇ ಮಗುಚಿತು.

ಆ ಕಡೆ ಕಾವಲುಗಾರ ತಾತ ಇದ್ದ. ಗಲಾಟೆ ಕೇಳಿ ಹಿಂದಿನ ಬಾಗಿಲಿಗೆ ಬೀಗ ಹಾಕಲು ಬಂದಿದ್ದನಂತೆ.

ಕಾಂಕ್ರೀಟಿನ ಚಪ್ಪಡಿ ಅವನ ಸೊಂಟದ ಕೆಳಗೆಲ್ಲ ಕೂತಿತ್ತು. ಮೊದಲು ಓಡಿದವಳು ಅಳತೆಯಕ್ಕ. ಅವಳ ಪಕ್ಕಕ್ಕೆ ಬಂದು ಚಪ್ಪಡಿಗೆ ಹೆಗಲು ಕೊಟ್ಟವನು ಒಡೆದ ಮೂಗಿನ ಇಸ್ತ್ರಿ ಅಂಗಡಿಯವನು. ಹತ್ತು ಜನ ಸೇರಿ ಎತ್ತಿದರು.

“ಕಾಲು ಇದೆಯಾ ತಾಯಿ?” ತಾತ ಕೇಳಿದ.

ಅವಳು ನೋಡಿದಳು. “ಇದೆ ತಾತ,” ಎಂದಳು.

ಒಂದೇ ಉಳಿಯಿತು. ಇನ್ನೊಂದನ್ನು ಅಂದೇ ಸಂಜೆ ತೊಡೆಯ ಮಟ್ಟಕ್ಕೆ ಕತ್ತರಿಸಿದರು. ಮೇಸ್ತ್ರಿಗೆ ಜೈಲಾಯಿತು. ಇಸ್ತ್ರಿ ಅಂಗಡಿಯವನ ಮೇಲೂ, ಲಾರಿ ತಂದವನ ಮೇಲೂ ಮೊಕದ್ದಮೆ ಬಿತ್ತು. ಇಸ್ತ್ರಿ ಅಂಗಡಿಯವನು ತಾತನನ್ನು ಎಳೆದು ತೆಗೆದದ್ದನ್ನು ಅಳತೆಯಕ್ಕ ಸಾಕ್ಷಿ ಹೇಳಿದಳು; ಓಣಿಯವರು ಗೋಡೆ ಎಳೆದದ್ದನ್ನೂ ಹೇಳಿದಳು. ಓಣಿಯ ಅರ್ಧ ಜನ ಅವಳ ಜೊತೆ ಮಾತು ಬಿಟ್ಟರು. ಸಾಹುಕಾರ ನ್ಯಾಯಾಲಯಕ್ಕೆ ಹೋಗಿ ಸೋತ. ಗೋಡೌನ್ ಹೋಯಿತು. ಅದರ ಮೇಲಿನ ಇಳಿಜಾರಿನಲ್ಲಿ ಹೊಸದಾಗಿ ಮನೆ ಕಟ್ಟಲು ಮಂಡಳಿ ಯಾರಿಗೂ ಅಪ್ಪಣೆ ಕೊಡಲಿಲ್ಲ, ಮಂತ್ರಿಯ ಅಳಿಯನಿಗೂ ಕೊಡಲಿಲ್ಲ. ಅಪ್ಪ ತಾನು ತಿದ್ದಿದ ಇನ್ನೂ ಮೂರು ನಕ್ಷೆಗಳನ್ನು ತಾನೇ ಹೋಗಿ ಒಪ್ಪಿಕೊಂಡ. ಆ ವಾರ ಯಾರೋ ಅವನ ಸ್ಕೂಟರಿಗೆ ಬೆಂಕಿ ಇಟ್ಟರು.

ಮುಂದಿನ ಮಳೆಗಾಲದಲ್ಲಿ ಎರಡು ದಿನ ಎಡೆಬಿಡದೆ ಸುರಿಯಿತು. ಅಳತೆಯಕ್ಕ ಆ ಎರಡೂ ದಿನ ಹಳ್ಳದ ದಂಡೆಯಲ್ಲೇ ಇದ್ದಳು. ನೀರು ಗುಡ್ಡದಿಂದ ಕೆಂಪಗೆ ಇಳಿದು, ಮರ, ಬಂಡೆ, ಸತ್ತ ಎಮ್ಮೆ ಎಲ್ಲವನ್ನೂ ಎಳೆದುಕೊಂಡು, ಗೋಡೌನ್ ಇದ್ದ ಜಾಗದಲ್ಲಿ ಬೊಬ್ಬಿಡುತ್ತಾ ಹಾದು ನದಿಗೆ ಹೋಯಿತು.

ದಣಿದು ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಹಲ್ಲಿಲ್ಲದ ಬಾಯಿಯಲ್ಲಿ ಮಾತು ತೊದಲುತ್ತಿತ್ತು.

“ಓಣಿಗೆ ಎಷ್ಟು ಬಂತು?”

“ಮೊಣಕಾಲ ಮಟ್ಟ.”

“ಯಾರಾದರೂ...”

“ಯಾರೂ ಇಲ್ಲ ಅಪ್ಪ. ಎಲ್ಲಾ ಇದ್ದಾರೆ.”

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವಳು ಒದ್ದೆ ಬೂಟು ಬಿಚ್ಚುತ್ತಾ ಅಲ್ಲೇ ಕೂತಿದ್ದಳು. ಸಮಾಧಾನ ಹೇಳಲಿಲ್ಲ, ಎದ್ದು ಒಳಗೂ ಹೋಗಲಿಲ್ಲ.