ಒಗರು ಸೊಪ್ಪಿನ ಹಸಿವು

ಸತ್ತವರಿಗೂ ಹಸಿವಾಗುತ್ತದೆ ಎಂದು ಅತ್ತಿಗೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊಟ್ಟಿಗೆಯ ಕುರಿಗಳನ್ನು ನೋಡಿ ಅವಳೇ ಕಂಡುಕೊಂಡಿದ್ದಳು. ತೊಗಲು ಹದ ಮಾಡುವ ಮನೆ ಅದು. ಗಂಡನ ತಮ್ಮ ಅವಳನ್ನು ಅತ್ತಿಗೆ ಎನ್ನುತ್ತಿದ್ದ, ಅವನ ಬಾಯಿಂದ ಕೆಲಸದವರೂ ಕಲಿತರು.

ಗಂಡ ಕರುಳಿನ ಕಾಯಿಲೆಯಲ್ಲಿ ಹೋದ. ಬಾಯಿಗೆ ಏನೂ ಹಾಕಬಾರದೆಂದು ಆಸ್ಪತ್ರೆಯಲ್ಲಿ ಕಟ್ಟಪ್ಪಣೆ. ಅವನೋ, "ಒಂದೇ ಒಂದು ತುತ್ತು ಕೊಡೇ" ಎಂದು ಅವಳ ಕೈ ಬಿಡಲಿಲ್ಲ. ಇವಳು ಕೊಡಲಿಲ್ಲ. ಮರುದಿನ ಅವನು ಹಸಿದ ಹೊಟ್ಟೆಯಲ್ಲೇ ಕಣ್ಣು ಮುಚ್ಚಿದ. ಆ ಸಂಕಟ ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ಅವನು ಮುದ್ದಿನಿಂದ ಸಾಕಿದ ನಾಲ್ಕು ಕುರಿಗಳಿದ್ದವು. ಅವನ ಹೆಸರಿನಲ್ಲಿ ಅವುಗಳಿಗಾದರೂ ಹೊಟ್ಟೆ ತುಂಬಾ ಹಾಕೋಣವೆಂದು ಅವಳು ಹೊರಟಳು. ಹದದ ಹೊಂಡಗಳ ಹಿಂದೆ ಮರಗಳ ಸಾಲು. ತೊಗಲು ಹದ ಮಾಡಲು ಅವುಗಳ ತೊಗಟೆಯೇ ಬೇಕು, ಅದರಿಂದಲೇ ಆ ಮನೆಯ ಹೊಟ್ಟೆಪಾಡು. ತೊಗಟೆ ಸುಲಿದ ಕೊಂಬೆಯ ಸೊಪ್ಪು ಬಿಟ್ಟಿ. ಗಂಡ ಅದನ್ನು ಒಣಹುಲ್ಲಿನ ಮೇಲೆ ಒಂದು ಹಿಡಿ ಉದುರಿಸುತ್ತಿದ್ದ, ಅಷ್ಟೇ. ಇವಳು ಹುಲ್ಲು ಬಿಟ್ಟು ಹೊರೆಗಟ್ಟಲೆ ಸೊಪ್ಪನ್ನೇ ಹಾಕಿದಳು.

ಕುರಿಗಳು ತಿಂದೇ ತಿಂದವು. ಹೊಟ್ಟೆ ನಗಾರಿಯಾಯಿತು, ಬೆನ್ನಮೂಳೆ ಮಾತ್ರ ಮೇಲೆದ್ದು ಬಂತು. ಸಂಜೆ ಕೊಟ್ಟಿಗೆಗೆ ಹೋದರೆ ಕತ್ತಲ ಮೂಲೆಯಿಂದ ಯಾರೋ ನಿಟ್ಟುಸಿರಿಟ್ಟ ಹಾಗೆ ಕೇಳುತ್ತಿತ್ತು. ಎಲುಬಿನ ಗೂಡಾದ ಮುದಿ ಕುರಿ ಅವಳ ಅಂಗೈಗೆ ಮೂತಿ ಒತ್ತಿ ನಿಲ್ಲುತ್ತಿತ್ತು, ಬಿಡುತ್ತಲೇ ಇರಲಿಲ್ಲ. ಅವಳಿಗೆ ಮೈ ಜುಮ್ಮೆಂದಿತು. ತಿಂದಷ್ಟೂ ಸೊರಗಿಸುವ ಹಸಿವು ಕುರಿಯದಲ್ಲ, ಗಂಡನೇ ಬಂದು ಒಳಗೆ ಕೂತಿದ್ದಾನೆ! ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚು ಖುಷಿಯಾಯಿತು.

"ತಿನ್ನಿ, ಈ ಸಲ ನಾನು ಬೇಡ ಅನ್ನಲ್ಲ" ಎಂದು ಇನ್ನಷ್ಟು ಸುರಿದಳು. ಕುರಿಗೂ ಬಹುವಚನವೇ ಎಂದು ಕೆಲಸದವರು ಮುಸಿಮುಸಿ ನಕ್ಕರು. ಮೂರು ಕುರಿ ಸತ್ತ ಮೇಲೆ ನಗು ನಿಂತಿತು. ಆ ಕೊಟ್ಟಿಗೆಯ ಹತ್ತಿರ ಒಬ್ಬರೂ ಸುಳಿಯದಾದರು.

ಮೈದುನ ದನದ ಡಾಕ್ಟರಮ್ಮನನ್ನು ಕರೆತಂದ. ಆಕೆ ಸತ್ತ ಕುರಿಯನ್ನು ಕೊಯ್ದು ನೋಡಿದರೆ ಹೊಟ್ಟೆಯ ತುಂಬಾ ಸೊಪ್ಪು ತುರುಕಿದಂತಿತ್ತು. ಪಕ್ಕದಲ್ಲಿದ್ದ ಸೊಪ್ಪಿನ ಹೊರೆಯಿಂದ ಒಂದು ಎಲೆ ಕಿತ್ತು ಕಚ್ಚಿ, ಮುಖ ಕಿವಿಚಿ ಉಗಿದಳು.

"ಅಬ್ಬಾ, ಏನ್ ಒಗರು! ಹೊಂಡದಲ್ಲಿ ಈ ಒಗರು ಏನ್ ಮಾಡುತ್ತೆ, ಹೇಳಿ?"

"ತೊಗಲನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ" ಎಂದ ಮೈದುನ. "ಆಮೇಲೆ ಅದು ಕೊಳೆಯೋ ಮಾತೇ ಇಲ್ಲ."

"ಹೊಟ್ಟೇಲೂ ಅದೇ ಮಾಡುತ್ತೆ. ಮೇವಿನ ಪ್ರೋಟೀನನ್ನ ಹಿಡ್ಕೊಂಡು ಕೂತ್ಬಿಡುತ್ತೆ. ಕುರಿಗೆ ಮೇವು ಅರಗಿಸಿಕೊಡೋದು ಹೊಟ್ಟೆಯೊಳಗಿನ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವಕ್ಕೇ ಊಟ ಇಲ್ಲ ಅಂದ್ರೆ ಕುರಿಗೆಲ್ಲಿಂದ ಬರಬೇಕು? ತುಂಬಿದ ಹೊಟ್ಟೇಲೇ ಉಪವಾಸ. ಒಂದು ಹಿಡಿ ಕೊಟ್ರೆ ತೊಂದ್ರೆ ಇಲ್ಲ, ಬರೀ ಇದನ್ನೇ ಕೊಟ್ರೆ ಕೊಂದ ಹಾಗೇ."

ಮೈದುನ ಹಣೆ ಚಚ್ಚಿಕೊಂಡ. ಅಜ್ಜನ ಕಾಲದಿಂದ ಒಗರಿನಲ್ಲೇ ಕೈ ಅದ್ದಿದ ಮನೆಗೆ ಇದು ಹೊಳೆಯಲಿಲ್ಲವಲ್ಲ! ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ.

ಅತ್ತಿಗೆ ಕೇಳಿದ್ದು ಬೇರೆಯೇ. "ಹಾಗಾದ್ರೆ ಒಳಗೆ ಇದ್ದಿದ್ದು ಅವರಲ್ವಾ?"

ಡಾಕ್ಟರಮ್ಮ ಕೈ ತೊಳೆಯಲು ನೀರು ಕೇಳಿದಳು.

ಉಳಿದ ಮುದಿ ಕುರಿಗೆ ಮೈದುನ ತಾನೇ ಒಣಹುಲ್ಲು, ಹಿಂಡಿ ಹಾಕತೊಡಗಿದ. ಬರಬರುತ್ತಾ ಬೆನ್ನಮೂಳೆ ಮಾಂಸದಲ್ಲಿ ಮುಚ್ಚಿತು. ಕೊಟ್ಟಿಗೆಯ ನಿಟ್ಟುಸಿರು ನಿಂತಿತು. ಅತ್ತಿಗೆ ಅಲ್ಲೇ ಗೋಡೆಗೊರಗಿ ಕಿವಿಗೊಟ್ಟು ಕೂರುತ್ತಿದ್ದಳು. ಬರೀ ಕುರಿ ಮೆಲುಕು ಹಾಕುವ ಸದ್ದು. ಮತ್ತೊಮ್ಮೆ ವಿಧವೆಯಾದಂತೆ ಅವಳಿಗೆ ದುಃಖ ಒತ್ತರಿಸಿ ಬರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಸೊಪ್ಪಿನ ಹೊರೆ ಹೊತ್ತು ಬಂದಳು. ಮೈದುನ ಬಾಗಿಲಿಗೆ ಅಡ್ಡ ನಿಂತ.

"ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಅತ್ತಿಗೆ? ಪಾಪ, ಅದು ಈಗ ಚೇತರಿಸ್ಕೊಳ್ತಿದೆ."

"ಅದು ಬದುಕಿದ್ರೆ ಅವರು ಹೊರಟುಹೋಗ್ತಾರೆ ಕಣೋ."

"ಅಣ್ಣ ಹೋಗಿ ಆಯ್ತು" ಎಂದ ಅವನು. "ನೀವು ಅವತ್ತು ಕೊಟ್ಟಿದ್ರೆ ನರಳಿ ನರಳಿ ಹೋಗ್ತಿದ್ದ. ನಾನೂ ಅಲ್ಲೇ ಇದ್ದೆ ಅತ್ತಿಗೆ. ನಾನೂ ಕೊಡಲಿಲ್ಲ."

ಅವಳು ಅವನನ್ನು ಸರಿಸಿ ಒಳಗೆ ಹೋದಳು. ಅವನು ತಡೆಯಲಿಲ್ಲ. ಸೊಪ್ಪಿನ ವಾಸನೆಗೆ ಕುರಿ ಧಡಕ್ಕನೆ ಎದ್ದು ಬಂದು ಅವಳ ಅಂಗೈಗೆ ಮೂತಿ ಒತ್ತಿತು, ದನಿ ತೆಗೆದು ಕೂಗಿತು. ಎಷ್ಟು ಕೂಗಿದರೂ ಅದಕ್ಕೆ ಸಾಕಾಗಲಿಲ್ಲ. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೊರೆಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು ಅವಳು ಕುರಿಯ ಮುಂದೆ ಮೊಣಕಾಲೂರಿದಳು.

"ಇಲ್ಲ" ಎಂದಳು. "ಇವತ್ತೂ ಕೊಡಲ್ಲ ನಿಮಗೆ."