ಒರಿಯೆಯ ಬಾಯಿ, ಕುರೆತಾಕೆಯ ದನಿ

ಹಾಗಿನೊ ಒರಿಯೆ ಹತ್ತು ವರ್ಷ ಬೆಳ್ಳಿತೆರೆಯ ಮೇಲೆ ಅತ್ತಳು, ನಕ್ಕಳು, ಪ್ರೀತಿಸಿದಳು, ಎಷ್ಟೋ ಸಲ ಸತ್ತಳು. ಒಂದೇ ಒಂದು ಮಾತು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಅದು ಮೂಕಿ ಚಿತ್ರಗಳ ಕಾಲ. ಕ್ಯೋಟೋದ ಚಿದೊರಿ ಚಿತ್ರಮಂದಿರದಲ್ಲಿ ಪರದೆಯ ಎಡಗಡೆ ಒಂದು ಪುಟ್ಟ ಮೇಜು, ಅದರ ಮೇಲೆ ಮಿಣುಕು ದೀಪ, ದೀಪದ ಹಿಂದೆ ಕುರೆತಾಕೆ ಎಂಬ ಬೆನ್ಶಿ ನಿಂತಿರುತ್ತಿದ್ದರು. ಚಿತ್ರದಲ್ಲಿರುವ ಅಷ್ಟೂ ಜನರ ಮಾತನ್ನು ಬೆನ್ಶಿ ಒಬ್ಬನೇ ಆಡಬೇಕು. ಕಳ್ಳ ಗದರಿದರೆ ಅವರೇ, ಮುದುಕಿ ಗೊಣಗಿದರೆ ಅವರೇ, ಒರಿಯೆ ತುಟಿ ಅಲ್ಲಾಡಿಸಿದರೂ ಅವರೇ. ಐವತ್ತು ದಾಟಿದ ಬೊಕ್ಕತಲೆಯ ಗಂಡಸಿನ ಗಂಟಲಿಂದ ಅಂಥ ಇಂಪಾದ ಹೆಣ್ಣುದನಿ ಹೇಗೆ ಹೊರಡುತ್ತಿತ್ತೋ ದೇವರೇ ಬಲ್ಲ. ಜನ ಅದಕ್ಕೇ ಮುಗಿಬೀಳುತ್ತಿದ್ದರು. ದೀಪ ಹೊತ್ತಿದ ಕೂಡಲೇ ಮಹಡಿಯಿಂದ "ಕುರೆತಾಕೆ!" ಎಂಬ ಕೂಗು ಬೀಳುತ್ತಿತ್ತು. ಒರಿಯೆಯ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಪರದೆಯ ಮೇಲಿನವರನ್ನು ಕೂಗಿ ಏನು ಬಂತು, ಅವರಿಗೆ ಕೇಳಿಸುತ್ತದೆಯೇ?

ಕೇಳಿಸುತ್ತಿತ್ತು. ಒರಿಯೆ ಪ್ರತಿ ಹೊಸ ಚಿತ್ರಕ್ಕೂ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಅಗ್ಗದ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದಳು. ತಾನು ಏನು ಹೇಳಿದೆ ಎಂದು ತಿಳಿಯಲು ಅವಳಿಗೂ ಬೇರೆ ದಾರಿ ಇರಲಿಲ್ಲ.

ಆಮೇಲೆ ಟಾಕಿ, ಅಂದರೆ ಮಾತಾಡುವ ಚಿತ್ರ, ಬಂತು. ಉಜುಮಾಸಾದ ಸ್ಟುಡಿಯೋದಲ್ಲಿ ಹಳೆಯ ಶೆಡ್ಡಿನ ಗೋಡೆಗಳಿಗೆ ಸದ್ದು ತಡೆಯಲು ದಪ್ಪ ಹಾಸಿಗೆಗಳನ್ನು ಹೊಡೆದು, ಮೇಲಿನಿಂದ ಒಂದು ಮೈಕು ಇಳಿಬಿಟ್ಟು, ನಟನಟಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಒರಿಯೆ ಸಾಮುರಾಯಿ ಮನೆಯ ಹೆಣ್ಣಿನ ಉಡುಪಿನಲ್ಲಿ ನಿಂತು, ಬರೆದುಕೊಟ್ಟ ಒಂದು ಸಾಲು ಹೇಳಿದಳು. ನಿರ್ದೇಶಕ ಇವಾಮುರೊ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಎಸೆದ.

"ಅಯ್ಯಯ್ಯೋ! ರಾಜಕುಮಾರಿ ಬಾಯಿ ತೆಗೆದ್ರೆ ಮೀನು ಮಾರೋಳು ಮನೆ ಬಾಗಿಲಿಗೆ ಬಂದಂಗಿದೆಯಲ್ಲಪ್ಪ!" ಅಂದ.

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಇವಾಮುರೊ ಕೆಟ್ಟವನಲ್ಲ, ಕಾಫಿ ಕುಡಿಯುವಾಗ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ. "ನೋಡು ಒರಿಯೆ, ನಾನು ಮುಚ್ಚಿಟ್ಟು ಹೇಳೋನಲ್ಲ. ಜನಕ್ಕೆ ನಿನ್ನ ದನಿ ಗೊತ್ತು. ಅಂದ್ರೆ, ಗೊತ್ತು ಅಂದ್ಕೊಂಡಿದಾರೆ. ಚಳಿಗಾಲ ಮುಗಿಯೋದ್ರೊಳಗೆ ಆ ದನಿ ತಗೊಂಡು ಬಾ, ಮುಂದೆ ತೆಗೆಯೋ ದೋಣಿಯ ಚಿತ್ರ ನಿಂಗೇ. ಇಲ್ಲಾಂದ್ರೆ ಕಂಪನಿ ನಿನ್ನ ಇಟ್ಕೊಳ್ಳಲ್ಲ. ಇಷ್ಟೇ ಮಾತು."

ಹತ್ತು ವರ್ಷ ಮೌನವೇ ಬಂಗಾರವಾಗಿತ್ತು. ಈಗ ಬಾಯಿ ಬಿಟ್ಟರೆ ಬಣ್ಣಗೇಡು. ಒರಿಯೆ ಆ ರಾತ್ರಿ ಉಣ್ಣಲಿಲ್ಲ. ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ. ಬಡಗಣ ಕಡಲತೀರದ ತ್ಸುಗರು ಕಡೆಯಿಂದ ಹದಿನಾರರ ವಯಸ್ಸಿಗೆ ಕೆಲಸದವಳಾಗಿ ಬಂದವಳು. ಮುಖ ನೋಡಿ ಕ್ಯಾಮೆರಾದ ಮುಂದೆ ನಿಲ್ಲಿಸಿದ್ದರು. ತನ್ನೂರಿನ ಮಾತನ್ನು ಈ ಊರವರು ಅಣಕಿಸುತ್ತಾರೆಂದು ಸೆಟ್ಟಿನಲ್ಲಿ "ಹೂಂ", "ಆಗಲಿ" ಬಿಟ್ಟು ಬೇರೆ ಮಾತೇ ಆಡದೆ ದಿನ ತಳ್ಳಿದ್ದಳು. ಅದನ್ನೇ ಪತ್ರಿಕೆಯವರು ಗಾಂಭೀರ್ಯ ಎಂದು ಬರೆದಿದ್ದರು!

ಮಾರನೆಯ ಬೆಳಿಗ್ಗೆ ಅವಳು ಕುರೆತಾಕೆಯ ಮನೆ ಹುಡುಕಿಕೊಂಡು ಹೋದಳು. ಇಷ್ಟು ವರ್ಷಗಳಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಬಾಗಿಲು ತೆರೆದ ಅವರ ಹೆಂಡತಿ ಓಸೆನ್ ಇವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಓಹೋ, ನೀನೇನಮ್ಮ ನನ್ನ ಸವತಿ!" ಅಂದಳು. "ಬಾ ಬಾ, ಒಳಗೆ ಬಾ. ಮದುವೆ ಆಗಿ ಮೂವತ್ತು ವರ್ಷ ಆಯ್ತು, ನಿನ್ನ ಪರವಾಗಿ ಆಡೋ ಸವಿಮಾತು ಒಂದನ್ನೂ ಆ ಮನುಷ್ಯ ನನಗೆ ಆಡಿಲ್ಲ."

ಕುರೆತಾಕೆ ಬೆಂಕಿಗೂಡಿನ ಬಳಿ ಕುಳಿತು ಬಿಳಿ ಬಟ್ಟೆಯ ಮೇಲೆ ಕುಂಚದಿಂದ ಏನೋ ಬರೆಯುತ್ತಿದ್ದರು. ಟಾಕಿ ಬೇಡ, ನಮ್ಮ ಅನ್ನ ಕಸಿಯಬೇಡಿ ಎಂಬ ಘೋಷಣೆ. ಊರಿನ ಬೆನ್ಶಿಗಳೆಲ್ಲ ಮುಷ್ಕರ ಹೂಡಿದ್ದರು. ಒರಿಯೆ ಹಣೆ ಚಾಪೆಗೆ ತಾಗುವಂತೆ ಬಾಗಿ, ಬಂದ ಕೆಲಸ ಹೇಳಿದಳು. ಬಚ್ಚಿಡಲು ಹೋಗಲಿಲ್ಲ, ತನ್ನೂರಿನ ಮಾತಿನಲ್ಲೇ ಹೇಳಿದಳು.

"ಗುರುಗಳ, ನನಗ ನನ್ನ ದನಿ ಕಲಿಸ್ರಿ."

ಕುರೆತಾಕೆ ಕುಂಚ ಕೆಳಗಿಟ್ಟರು. "ಏನಂದೆ? ನಿಂಗೆ ಮಾತು ಕಲಿಸಿ, ಆ ಟಾಕಿ ಓಡಿ, ನಾನು ಬೀದಿಗೆ ಬೀಳ್ಲಾ? ನನ್ನ ಕುತ್ತಿಗೆ ಹಗ್ಗ ನಾನೇ ಹೊಸೀಬೇಕಾ? ನಮ್ಮೋರಿಗೆ ಗೊತ್ತಾದ್ರೆ ಚರ್ಮ ಸುಲೀತಾರೆ. ಎದ್ದು ಹೋಗಮ್ಮ."

"ಹೋಗ್ತೇನ್ರಿ. ಆದರ ಒಂದು ಮಾತು. ಕಳೆದ ವರ್ಷದ ಚಿತ್ರದಾಗ ಕೂಸು ಕಳಕೊಂಡ ತಾಯಿ ಮಾಡಿದ್ನಲ್ರಿ, ಕ್ಯಾಮೆರಾದ ಮುಂದ ನನಗ ಅಳು ಬಂದಿರಲಿಲ್ಲ. ಕಣ್ಣಿಗೆ ನೀರು ಹಾಕ್ಕೊಂಡಿದ್ದೆ. ಚಿದೊರಿಯೊಳಗ ನೀವು ಅತ್ತಿದ್ದು ಕೇಳಿ ಖರೇನ ಅತ್ತೆ. ನೀವಿಲ್ಲದ ನಾ ಬರೇ ಮಾರಿ ಅದೀನ್ರಿ, ಮತ್ತೇನೂ ಅಲ್ಲ."

ಓಸೆನ್ ಬಾರ್ಲಿ ಚಹಾ ತಂದಿಟ್ಟು, ಗಂಡನ ಕಡೆ ನೋಡದೆಯೇ, "ಮುಷ್ಕರ ಗೆದ್ರೂ ಎಷ್ಟು ದಿನಾರೀ? ನೀವು ಹೋದ ಮೇಲೆ ಆ ದನಿ ಮಡಕೆಯಲ್ಲಿ ಉಪ್ಪು ಹಾಕಿ ಇಡೋಕಾಗುತ್ತಾ?" ಅಂದಳು.

ಆ ಮಾತೇ ನಾಟಿದ್ದು. ಮರುದಿನದಿಂದ ಒರಿಯೆ ಹಿಂಬಾಗಿಲಿನಿಂದ ಬಂದು ಮಹಡಿಯ ಕೋಣೆಯಲ್ಲಿ ಕೂರತೊಡಗಿದಳು. ಕುರೆತಾಕೆ ಕಲಿಸುವಾಗ ಯಮ. "ಮೂಗು ಮುಚ್ಚು! ಮತ್ತೆ ಕಡಲ ಗಾಳಿ ನುಗ್ತು! ಒರಿಯೆ ಹಾಗೆ ಮಾತಾಡಲ್ಲ!" ಎಂದು ಬೀಸಣಿಗೆಯಿಂದ ಚಾಪೆ ಬಡಿಯುತ್ತಿದ್ದರು. ಒರಿಯೆ ಹೇಗೆ ಮಾತಾಡುತ್ತಾಳೆಂದು ಒರಿಯೆಗೇ ಹೇಳಿಕೊಡುವುದು ಅವರಿಗೇನೂ ವಿಚಿತ್ರವೆನಿಸಲಿಲ್ಲ. ಅವಳಿಗೂ ಮೊದಮೊದಲು ಅನಿಸಲಿಲ್ಲ. ಪ್ಲಮ್ ಹೂ ಬಿಡುವ ಹೊತ್ತಿಗೆ ಅವಳ ಗಂಟಲು ಪಳಗಿತು. ಒಂದು ಬೆಳಿಗ್ಗೆ ಕೆಳಗೆ ಮೂಲಂಗಿ ಹೆಚ್ಚುತ್ತಿದ್ದ ಓಸೆನ್, "ಏನ್ರೀ, ಇವತ್ತು ನೀವೊಬ್ಬರೇ ಬಡಬಡಿಸ್ತಿದ್ದೀರಿ, ಆ ಹುಡುಗಿ ಬರಲಿಲ್ವಾ?" ಎಂದು ಕೂಗಿದಳು. ಮಾತಾಡುತ್ತಿದ್ದವಳು ಒರಿಯೆ. ಕುರೆತಾಕೆ ನಕ್ಕರು, ಆಮೇಲೆ ಕಿಟಕಿಯ ಕಡೆ ತಿರುಗಿ ಕುಳಿತರು. ಅವರಿಗೆ ಸಂತೋಷವಾಯಿತೋ ಸಂಕಟವಾಯಿತೋ ಅವಳಿಗೆ ತಿಳಿಯಲಿಲ್ಲ. ಮನೆಗೆ ಬರುತ್ತ ದಾರಿಯಲ್ಲಿ ಅವಳಿಗೆ ಮಾತ್ರ ಒಳಗೆಲ್ಲ ಖಾಲಿ ಖಾಲಿ ಅನಿಸಿತು.

ದೋಣಿಯ ಚಿತ್ರ ಮುಗಿಯಿತು. ಬೇಸಿಗೆಯ ಮೊದಲಲ್ಲಿ ಚಿದೊರಿಯಲ್ಲೇ ಬಿಡುಗಡೆ. ಪರದೆಯ ಪಕ್ಕದ ಮೇಜನ್ನು ತೆಗೆದಿದ್ದರು. ಹೊರಗೆ ಬೆನ್ಶಿಗಳು ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಕುರೆತಾಕೆಯೂ ಅವರ ನಡುವೆ ಇದ್ದರು. ಒರಿಯೆಯ ರಿಕ್ಷಾ ಮುಂದೆ ಹಾದುಹೋದಾಗ ಅವರು ನೆಲ ನೋಡಿದರು. ಮೊದಲ ಆಟ ಮುಗಿದ ಮೇಲೆ ನಾಯಕಿ ರಂಗಕ್ಕೆ ಬಂದು ಪ್ರೇಕ್ಷಕರಿಗೆ ವಂದಿಸಿ ನಾಲ್ಕು ಮಾತಾಡುವುದು ವಾಡಿಕೆ. ಆ ನಾಲ್ಕು ಮಾತನ್ನೂ ಒರಿಯೆ ಕುರೆತಾಕೆಯ ದನಿಯಲ್ಲಿ ಕಲಿತು ಬಂದಿದ್ದಳು. ಪಕ್ಕದ ತೆರೆಯ ಮರೆಯಲ್ಲಿ, ಕಂಪನಿಯ ಯಜಮಾನರ ಬದಿಗೆ, ಉಸಿರು ಹಿಡಿದು ನಿಂತಳು.

ಪರದೆಯ ಮೇಲೆ ಒರಿಯೆ ನದಿಯ ದಂಡೆಗೆ ಓಡಿ ಬಂದಳು. ಬಾಯಿ ತೆರೆದಳು. "ದೋಣಿ ಬಿಡಬೇಡಿ, ನಾನೂ ಬರುತ್ತೇನೆ!"

ಕೂಡಲೇ ಮಹಡಿಯಿಂದ ಯಾರೋ ಕೂಗಿದರು.

"ಕುರೆತಾಕೆ!"

ಕೆಳಗಿನಿಂದ ಇನ್ನೊಬ್ಬ, ಹಿಂದಿನಿಂದ ಮತ್ತೊಬ್ಬ. "ಕುರೆತಾಕೆ! ಬಂದ್ಯಾ ಮಾರಾಯ, ಕಾಯ್ತಾ ಇದ್ವಿ!" ಮುಂದಿನ ಸಾಲಿನ ಮುದುಕನೊಬ್ಬ ಎದ್ದೇ ನಿಂತ. "ಟಾಕಿ ಅಂತೆ ಟಾಕಿ! ಪರದೆ ಹಿಂದೆ ಬಚ್ಚಿಟ್ಟಿದಾರೆ ಕಣ್ರೋ ಅವನ್ನ! ಆ ದನಿ ನನಗೆ ಗೊತ್ತಿಲ್ವಾ?" ಚಪ್ಪಾಳೆ ಸುರಿಯಿತು. ಯಜಮಾನರು ಒರಿಯೆಯ ತೋಳು ಅದುಮಿ, "ಏನಾದ್ರೂ ಅಂದ್ಕೊಳ್ಳಲಿ ಬಿಡು, ಗೆದ್ವಿ. ಮುಂದಿನ ಮೂರು ಚಿತ್ರಾನೂ ನಿಂಗೇ," ಅಂದರು.

ಬೇಕಾಗಿದ್ದು ಸಿಕ್ಕಿತ್ತು. ಆದರೂ ಅವಳು ತೋಳು ಬಿಡಿಸಿಕೊಂಡಳು. ತನ್ನ ಬಾಯಿಂದ, ತನ್ನ ಉಸಿರಿನಿಂದ ಬಂದ ಮಾತು; ಕೂಗು ಬೀಳುವುದು ಮಾತ್ರ ಅಲ್ಲಿ ಇಲ್ಲದ ಮನುಷ್ಯನಿಗೆ. ತಾನು ಈ ದನಿ ಕಲಿಯುತ್ತಿದ್ದ ಚಳಿಗಾಲದಲ್ಲೇ ಊರಿನಲ್ಲಿ ತೀರಿಕೊಂಡ ತಾಯಿಯ ನೆನಪು ಬಂತು.

ಆಟ ಮುಗಿದು ದೀಪ ಹೊತ್ತಿತು. ಒರಿಯೆ ರಂಗದ ನಡುವೆ ಮಂಡಿಯೂರಿ ಬಾಗಿದಳು. "ಕುರೆತಾಕೇನ ಕರೀರಿ! ಅವನ ಮುಖ ತೋರ್ಸಿ!" ಎಂದು ಜನ ಕೂಗುತ್ತಲೇ ಇದ್ದರು. ಅವಳು ತಲೆ ಎತ್ತಿದಳು. ಕಲಿತ ನಾಲ್ಕು ಮಾತು ಬಾಯಿಗೆ ಬರಲಿಲ್ಲ.

"ಅವರು ಇಲ್ಲೆ ಇಲ್ರಿ. ಪರದಿ ಹಿಂದ ಯಾರೂ ಇಲ್ಲ. ದನಿ ಅವರದು ಖರೆ, ಆಡಿದಾಕಿ ನಾ."

ಯಾರೋ ಕಿಸಕ್ಕೆಂದರು. ನಗು ಸಾಲಿಂದ ಸಾಲಿಗೆ ಹರಡಿತು. "ಯಾವಳಮ್ಮ ಇವಳು? ಒರಿಯೆ ಎಲ್ಲಿ?" "ಮೀನು ಎಷ್ಟಕ್ಕೆ ಕೊಡ್ತೀಯೇ?" ತೆರೆಯ ಮರೆಯಿಂದ ಯಜಮಾನರು ಒಳಗೆ ಬಾ ಎಂದು ಕೈ ಬೀಸುತ್ತಿದ್ದರು. ಒರಿಯೆಯ ತುಟಿ ಅಲುಗಿತು, ದನಿ ಹೊರಡಲಿಲ್ಲ.

ಆಗ ಸಭೆಯ ಹಿಂಬದಿಯಿಂದ ಜೇನಿನಂಥ ಹೆಣ್ಣುದನಿ ಎದ್ದಿತು.

"ಮಹಾಜನರೇ, ನಿಮ್ಮ ಒರಿಯೆಯ ತಮಾಷೆಯನ್ನು ಮನ್ನಿಸಿ. ಈ ಬಡಹೆಣ್ಣಿನ ಮೇಲೆ ನಿಮ್ಮ ಪ್ರೀತಿ ಹೀಗೇ ಇರಲಿ..."

ಜನ ಹಾಯೆಂದು ಉಸಿರು ಬಿಟ್ಟರು. ಬಾಗಿಲ ಬಳಿ ಕುರೆತಾಕೆ ನಿಂತಿದ್ದರು, ಹಣೆಯ ಮೇಲೆ ಮುಷ್ಕರದ ಪಟ್ಟಿ ಹಾಗೇ ಇತ್ತು. ತಮ್ಮ ಜನರ ಕಣ್ಣೆದುರೇ ಸಾಲು ಮುರಿದು, ಅವಳ ಮಾನ ಕಾಯಲು ಒಳಗೆ ಬಂದುಬಿಟ್ಟಿದ್ದರು. ಒರಿಯೆಯ ತುಟಿ ಅಭ್ಯಾಸಬಲದಿಂದ ಅವರ ಮಾತಿಗೆ ತಾಳ ಹಾಕಿತು. ಎಂಥ ಸುಲಭ! ಹೀಗೇ ಆಡಿಸುತ್ತಿದ್ದರೆ ಸಾಕು, ಎಲ್ಲವೂ ಉಳಿಯುತ್ತದೆ. ಮನೆ, ಹೆಸರು, ಮೂರು ಚಿತ್ರ. ಒಂದೆರಡು ಮಾತಿನವರೆಗೆ ಆಡಿಸಿದಳು ಕೂಡ.

ಆಮೇಲೆ ಕೈ ಎತ್ತಿದಳು.

"ನಿಲ್ಲಿಸ್ರಿ ಗುರುಗಳ. ನಿಮ್ಮ ಕಾಲಿಗೆ ಬೀಳ್ತೇನಿ, ನಿಲ್ಲಿಸ್ರಿ. ಇಷ್ಟು ವರ್ಷ ನೀವು ಮಾತಾಡಿದ್ರಿ, ನಾ ಬಾಯಿ ಆಡಿಸಿದೆ."

ಕುರೆತಾಕೆ ಮಾತನ್ನು ನಡುವೆಯೇ ನಿಲ್ಲಿಸಿದರು. ಒರಿಯೆ ಸಭೆಯ ಕಡೆ ತಿರುಗಿದಳು. ಈ ಸಲ ದನಿ ಬಂತು. ಒರಟಾಗಿ, ಮೂಗಿನಿಂದ, ಅವಳದಾಗಿ.

"ಒರಿಯೆ ಅನ್ನೋ ಹೆಸರು ಕಂಪನಿಯವರು ಇಟ್ಟದ್ದು. ನಾ ಫುಕಾಉರಾ ಬಂದರಿನ ಮೀನುಗಾರನ ಮಗಳು. ನನ್ನ ಹೆಸರು ತೊಮೆ. ಐದು ಹೆಣ್ಣು ಹುಟ್ಟಿದ ಮ್ಯಾಲ ಇನ್ನು ಹೆಣ್ಣು ಬ್ಯಾಡ, ನಿಲ್ಲಿಸು ಅಂತ ಇಟ್ಟ ಹೆಸರು. ನಮ್ಮವ್ವ ಒಮ್ಮೆ ನನ್ನ ಚಿತ್ರ ನೋಡಲಿಕ್ಕೆ ಹಿಮದಾಗ ಪಟ್ಟಣಕ್ಕ ನಡಕೊಂಡು ಹೋಗಿದ್ಲು. ಅಲ್ಲಿಯ ಬೆನ್ಶಿ ತನಗ ತಿಳಿದಂಗ ನನ್ನ ಮಾತಾಡಿಸ್ಯಾನ. ತಿರುಗಿ ಬಂದು, 'ಅದು ನಮ್ಮ ತೊಮೆ ಅಲ್ಲ, ಯಾರೋ ನನ್ನ ಮಗಳ ಮಾರಿ ಹಾಕ್ಕೊಂಡಾರ' ಅಂತ ಅತ್ಲಂತ. ಆಕಿಗೆ ನನ್ನ ದನಿ ಕೇಳಿಸೋದು ಆಗಲಿಲ್ಲ. ನಿಮಗಾರ ಕೇಳಿಸ್ಲಿ ಅಂತ ಬಂದೇನಿ. ಚಲೋ ಇಲ್ಲ ಅಂತ ಗೊತ್ತದ. ಆದರ ಇದ ನನ್ನದು."

ಬಾಗಿ ವಂದಿಸಿ ಎದ್ದಳು. ಯಾರೂ ನಗಲಿಲ್ಲ, ಯಾರೂ ಕೈ ತಟ್ಟಲೂ ಇಲ್ಲ. ಮುಂದಿನ ಸಾಲಿನ ಮುದುಕ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಂಪನಿ ಮತ್ತೆ ಅವಳಿಗೆ ನಾಯಕಿಯ ಪಾತ್ರ ಕೊಡಲಿಲ್ಲ. ಮುಂದೆ ವರ್ಷಗಟ್ಟಲೆ ಪರದೆಯ ಮೇಲೆ ಮನೆಕೆಲಸದವಳಾದಳು, ಸೂಲಗಿತ್ತಿಯಾದಳು, ಬೆಸ್ತರ ಹೆಂಗಸಾದಳು. ಯುದ್ಧ ಮುಗಿದ ಮೇಲೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಪಾತ್ರಕ್ಕೆ ಅವಳೇ ಬೇಕೆಂದು ನಿರ್ದೇಶಕರು ಹಟ ಹಿಡಿಯುವಂತಾಯಿತು. ಅದೆಲ್ಲ ಆಮೇಲಿನ ಮಾತು. ಆ ದಿನ ಅವಳಿಗೆ ಅದು ಯಾವುದೂ ಗೊತ್ತಿರಲಿಲ್ಲ. ಎಲ್ಲ ಹಾಳು ಮಾಡಿಕೊಂಡೆ ಎಂಬುದಷ್ಟೇ ಗೊತ್ತಿತ್ತು.

ಚಿತ್ರಮಂದಿರದ ಹಿಂದಿನ ಓಣಿಯಲ್ಲಿ ಕುರೆತಾಕೆ ನಿಂತಿದ್ದರು. ಹಣೆಯ ಪಟ್ಟಿ ಇರಲಿಲ್ಲ. ಅವರ ಜನರೇ ಕಿತ್ತುಕೊಂಡಿದ್ದರು. ಕಿಮೋನೊದ ತೋಳು ಹರಿದಿತ್ತು. ಒರಿಯೆ ನೆಲಕ್ಕೆ ಬಾಗಿದಳು.

"ನಿಮಗ ಎಲ್ಲಾರ ಮುಂದ ಬಾಯಿ ಮುಚ್ಚಿಸಿದೆ. ತಪ್ಪಾತ್ರಿ."

"ಏಳಮ್ಮ," ಅಂದರು ಕುರೆತಾಕೆ. "ಕೆಟ್ಟ ದನಿ ಕಣಮ್ಮ ನಿಂದು. ಅಂಥಾದ್ದು ನಾನು ಹುಟ್ಟಿದಾಗಿಂದ ಕೇಳಿಲ್ಲ."

"ಹೌದ್ರಿ."

"ಒರಟು. ಮೂಗು ಬೇರೆ."

"ಹೌದ್ರಿ."

ಕುರೆತಾಕೆ ಹರಿದ ತೋಳನ್ನು ಮೇಲಕ್ಕೆಳೆದುಕೊಂಡರು. "ಹತ್ತು ವರ್ಷ ನಿನ್ನ ಮುಖ ನೋಡ್ಕೊಂಡೇ ಮಾತಾಡ್ದೆ. ಈ ಊರಲ್ಲಿ ಆ ಮುಖಾನ ನನ್ನಷ್ಟು ನೋಡ್ದೋನು ಇನ್ನೊಬ್ಬ ಇಲ್ಲ. ಇವತ್ತು ನೀನು ಬಾಯಿ ತೆಗೆದಾಗ ಗೊತ್ತಾಯ್ತು, ಆ ಮುಖಕ್ಕೆ ಇದೇ ದನಿ. ಬೇರೆ ಯಾವುದೂ ಹೊಂದಲ್ಲ. ತಪ್ಪು ಮಾತಾಡಿಸ್ಬಿಟ್ಟೆ ಕಣಮ್ಮ ನಿನ್ನ. ಅಷ್ಟೂ ವರ್ಷ, ಒಂದೊಂದು ಮಾತೂ ತಪ್ಪು."

ಹೇಳುತ್ತ ಹೇಳುತ್ತ ಅವರು ಅತ್ತುಬಿಟ್ಟರು. ಅವರು ಹೆಂಗಸಾಗಿ, ಕೂಸಾಗಿ, ಮುದುಕಿಯಾಗಿ ಅಳುವುದನ್ನು ಒರಿಯೆ ನೂರಾರು ಸಲ ಕೇಳಿದ್ದಳು. ಇದು ಬರೀ ಒಬ್ಬ ವಯಸ್ಸಾದ ಗಂಡಸಿನ ಅಳು, ಒಡಕು, ಕೇಳಲಾಗದ್ದು. ಅವಳು ಅವರ ಹರಿದ ತೋಳು ಹಿಡಿದುಕೊಂಡು ತಾನೂ ಅಳುತ್ತ ನಿಂತಳು.